ನೆಟ್ಟಿಗೂ ಒಂದು ಗೇಜ್ ಬೇಕು

(ಸಿಂಧನೂರಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಗ್ರಂಥಾಲಯ ಮೇಲ್ವಿಚಾರಕರು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕೂತಿರುವ ಪಂಚಾಯಿತಿ ಸದಸ್ಯರಿಗೆ ಮೊದಲು ಒಂದು ಪ್ರಶ್ನೆ. ನಿಮ್ಮ ಪಂಚಾಯಿತಿ ಕಚೇರಿಗೆ ಓಎಫ್‌ಸಿ ಕೇಬಲ್, ಅಂದರೆ ನೆಟ್ ತರುವ ಆಪ್ಟಿಕಲ್ ಫೈಬರ್ ಕೇಬಲ್, ಬಂದಿದೆಯೇ? ಬಂದವರು ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ ಎತ್ತಿದಿರಿ. ನಿನ್ನೆ ಮಧ್ಯಾಹ್ನ ಅದರಲ್ಲಿ ನೆಟ್ ಇತ್ತೇ? ಈಗ ಬಹಳ ಕೈ ಇಳಿದವು. ಕೆಲವರು ಪಕ್ಕದವರ ಮುಖ ನೋಡುತ್ತಿದ್ದೀರಿ, ಅಂದರೆ ಇತ್ತೋ ಇಲ್ಲವೋ ನಿಮಗೇ ಗೊತ್ತಿಲ್ಲ. ಸರ್ಕಾರದ ದಾಖಲೆಯಲ್ಲಿ ನಿಮ್ಮ ಪಂಚಾಯಿತಿ ಸಂಪರ್ಕ ಪಡೆದ ಪಂಚಾಯಿತಿ. ಊರೊಳಗೆ ಮಾತ್ರ ಕಂಪ್ಯೂಟರ್ ಆಪರೇಟರ್ ತನ್ನ ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿಕೊಂಡು ಅರ್ಜಿ ತುಂಬುತ್ತಾನೆ. ರಾಜ್ಯದ ಬ್ರಾಡ್‌ಬ್ಯಾಂಡ್ ನೀತಿ ಹೇಗಿರಬೇಕು ಎಂದು ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಟೆಲಿಫೋನ್ ಕೇಬಲ್ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ನೀತಿಯ ಮಾತನ್ನು ನೆಲದಿಂದ ಶುರು ಮಾಡಿದರೇ ನನಗೆ ಸಲೀಸು.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಕೇಬಲ್, ಪ್ರತಿ ಪಂಚಾಯಿತಿಗೆ ಕನಿಷ್ಠ 100 ಎಂಬಿಪಿಎಸ್ ವೇಗ, ಖರ್ಚು ಸುಮಾರು 20 ಸಾವಿರ ಕೋಟಿ, ಎರಡು ವರ್ಷದಲ್ಲಿ ಮುಗಿಯಬೇಕು ಎಂಬುದು ಆಗಿನ ಲೆಕ್ಕ. ಎರಡು ವರ್ಷದಲ್ಲಿ ಆಗಲಿಲ್ಲ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಿಟ್ಟರು. 2017ರ ಡಿಸೆಂಬರ್ ಹೊತ್ತಿಗೆ ಮೊದಲ ಹಂತದ ಒಂದು ಲಕ್ಷ ಪಂಚಾಯಿತಿಗಳ ಕೆಲಸ ಮುಗಿಯಿತು. ಕರ್ನಾಟಕದ ಸುಮಾರು 6 ಸಾವಿರ ಪಂಚಾಯಿತಿಗಳಲ್ಲಿ ಬಹುಪಾಲು ಆ ಮೊದಲ ಹಂತದಲ್ಲೇ ಬಂದವು. ಆಗ ನಾವೆಲ್ಲ ಸಂತೋಷಪಟ್ಟೆವು. ಸಂತೋಷಪಡುವ ಸಂಗತಿಯೇ ಅದು. ಆದರೆ ಮೊದಲು ಬಂದವರಿಗೆ ಹಳೆಯ ವಿನ್ಯಾಸವೂ ಬಂತು. ಅದರ ತೊಂದರೆ ಏನೆಂದು ಮುಂದೆ ಹೇಳುತ್ತೇನೆ.

ಈ ದುಡ್ಡು ಎಲ್ಲಿಂದ ಬಂತು ಎಂಬುದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳ್ಳಿಗೆ ನೆಟ್ ಕೊಡುವುದನ್ನು ಉಪಕಾರ ಎನ್ನುವ ಹಾಗೆ ಮಾತಾಡುವವರು ಬಹಳ ಜನ ಇದ್ದಾರೆ. ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದಲ್ಲಿ ಶೇ 5ರಷ್ಟನ್ನು ಒಂದು ನಿಧಿಗೆ ಕಟ್ಟಬೇಕು. 2002ರಿಂದ ಇರುವ ನಿಧಿ ಇದು. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಕಂಪನಿಗಳ ಆದಾಯ ಅಂದರೆ ನೀವು ಮಾಡಿಸುವ ರೀಚಾರ್ಜ್. ದೇವದುರ್ಗದ ದೊಡ್ಡಿಯಲ್ಲಿ, ಅಂದರೆ ಊರಿಂದ ದೂರದ ಸಣ್ಣ ಜನವಸತಿಯಲ್ಲಿ, ಕುರಿ ಕಾಯುವವನೂ ಆ ನಿಧಿಗೆ ಪಾಲು ಕೊಟ್ಟಿದ್ದಾನೆ. ಕೇಬಲ್ ಅವನ ಊರಿಗೆ ಬರಬೇಕಾದದ್ದು ಅವನ ಹಕ್ಕಿನ ಲೆಕ್ಕದಲ್ಲೇ.

ಈಗ ರಾಜ್ಯದ ವಿಷಯಕ್ಕೆ ಬರುತ್ತೇನೆ. ಶಾಸಕರನ್ನು ಕೇಳಿ, ಜಿಲ್ಲಾ ಪಂಚಾಯಿತಿ ಅಧಿಕಾರಿಗಳನ್ನು ಕೇಳಿ, ‘ಅದು ಸೆಂಟ್ರಲ್ ವಿಷಯ’ ಎನ್ನುತ್ತಾರೆ. ಕಾನೂನಿನ ಪ್ರಕಾರ ಅದು ನಿಜ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 31ನೇ ನಮೂದು ಅಂಚೆ, ತಂತಿ, ದೂರವಾಣಿ, ನಿಸ್ತಂತು, ಪ್ರಸಾರಗಳದ್ದು. ಲೈಸೆನ್ಸ್ ಕೊಡುವುದು, ತರಂಗಾಂತರ ಹರಾಜು ಹಾಕುವುದು ದೆಹಲಿಯ ಕೆಲಸ. ಆದರೆ ಕೇಬಲ್ ಹೂಳುವ ನೆಲ ಯಾರದ್ದು? ರಸ್ತೆ ಲೋಕೋಪಯೋಗಿ ಇಲಾಖೆಯದ್ದು ಅಥವಾ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯದ್ದು. ಕಾಲುವೆ ದಾಟಬೇಕಾದರೆ ನೀರಾವರಿ ಇಲಾಖೆ. ಕಂಬ ಕರೆಂಟ್ ಕಂಪನಿ ಜೆಸ್ಕಾಂನದ್ದು. ಕೇಬಲ್ಲಿನ ತುದಿಯಲ್ಲಿರುವ ಪೆಟ್ಟಿಗೆ ಇಡುವ ಕೋಣೆ ಪಂಚಾಯಿತಿಯದ್ದು, ಆ ಪೆಟ್ಟಿಗೆಗೆ ಬೇಕಾದ ಕರೆಂಟ್ ರಾಜ್ಯದ್ದು. ಕೇಬಲ್ ಬಂದ ಮೇಲೆ ತಿಂಗಳಾ ತಿಂಗಳಾ ಬಿಲ್ ಕಟ್ಟಿ ಬಳಸಬೇಕಾದ ಶಾಲೆ, ಹಾಸ್ಟೆಲ್, ಆಸ್ಪತ್ರೆ, ಗ್ರಂಥಾಲಯ ಎಲ್ಲವೂ ರಾಜ್ಯದ್ದೇ. ದೆಹಲಿಯಿಂದ ಬರುವುದು ಯೋಜನೆ ಮತ್ತು ಹಣ. ಆ ಕೇಬಲ್ ಬದುಕಿರುತ್ತದೋ ಸಾಯುತ್ತದೋ ಎಂಬುದು ರಾಜ್ಯದ ಕೈಯಲ್ಲಿದೆ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದೊಂದೇ. ಉಳಿದದ್ದೆಲ್ಲ ಅದರ ವಿವರ.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಚೀಟಿ ಕಳಿಸಿದ್ದಾನೆ. ‘ಸರ್, ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಕೇಬಲ್ ಯಾಕೆ ಬೇಕು?’ ಒಳ್ಳೆಯ ಪ್ರಶ್ನೆ, ನಾನಾಗೇ ಹೇಳಬೇಕಿತ್ತು. ಒಂದು ಟವರ್‌ನ ಸಾಮರ್ಥ್ಯವನ್ನು ಅದರ ಕೆಳಗಿರುವವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಏಳರಿಂದ ಹತ್ತರವರೆಗೆ ಊರೆಲ್ಲ ವಿಡಿಯೊ ನೋಡುವಾಗ ನಿನ್ನ ಸ್ಕಾಲರ್‌ಶಿಪ್ ಅರ್ಜಿಯ ಪುಟ ಸುತ್ತುತ್ತಲೇ ಇರುತ್ತದೆ. ಇನ್ನೊಂದು ಮಾತು: ಟವರ್‌ಗೂ ಹಿಂದಿನಿಂದ ಕೇಬಲ್ ಬೇಕು. ನಮ್ಮ ಕಡೆಯ ಎಷ್ಟೋ ಟವರ್‌ಗಳು ಗಾಳಿಯಲ್ಲೇ ಇನ್ನೊಂದು ಟವರ್‌ಗೆ ಸಂಪರ್ಕ ಪಡೆದು ನಡೆಯುತ್ತವೆ, ಅದಕ್ಕೇ ಫೋನಿನ ಮೇಲೆ 4ಜಿ ಎಂದು ಬರೆದಿದ್ದರೂ ಒಳಗೆ ವೇಗ ಇರುವುದಿಲ್ಲ. ಸರ್ಕಾರದ ವ್ಯಾಖ್ಯೆಯನ್ನೂ ನೋಡು. 2004ರಲ್ಲಿ 256 ಕೆಬಿಪಿಎಸ್ ಬಂದರೆ ಸಾಕು, ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ 512 ಆಯಿತು. 2023ರಲ್ಲಿ 2 ಎಂಬಿಪಿಎಸ್‌ಗೆ, ಅಂದರೆ ಸುಮಾರು 2 ಸಾವಿರ ಕೆಬಿಪಿಎಸ್‌ಗೆ, ಏರಿಸಿದರು. ಒಂದು ತರಗತಿಯ ಮಕ್ಕಳು ಒಟ್ಟಿಗೆ ಪಾಠದ ವಿಡಿಯೊ ನೋಡಬೇಕೆಂದರೆ 2 ಎಂಬಿಪಿಎಸ್ ಯಾವ ಮೂಲೆಗೂ ಸಾಲದು. ಶಾಲೆಗೆ, ಆಸ್ಪತ್ರೆಗೆ, ಕಚೇರಿಗೆ ಕೇಬಲ್ಲೇ ಆಗಬೇಕು.

ನೆಟ್ ಇಲ್ಲದಿದ್ದರೆ ಏನಾಗುತ್ತದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ. ‘ಸರ್ವರ್ ಇಲ್ರೀ, ನಾಳಿ ಬರ್ರಿ’ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಬಾಯಿಪಾಠ. ಪಡಿತರಕ್ಕೆ ಹೆಬ್ಬೆಟ್ಟು ಒತ್ತಬೇಕು, ಯಂತ್ರಕ್ಕೆ ನೆಟ್ ಬೇಕು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ಕೂಸುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ ಸಾಲನ್ನು ನೀವೆಲ್ಲ ನೋಡಿದ್ದೀರಿ. ಅದೇ ವರ್ಷದ ಜನವರಿ 1ರಿಂದ ಉದ್ಯೋಗ ಖಾತರಿಯ ಎಲ್ಲ ಕಾಮಗಾರಿಗಳಲ್ಲೂ ಆ್ಯಪ್‌ನಲ್ಲಿ ಹಾಜರಿ ಕಡ್ಡಾಯ ಮಾಡಿದರು, ದಿನಕ್ಕೆ ಎರಡು ಫೋಟೊ. ಕೂಲಿಕಾರರ ಹಾಜರಿ ನೋಡಿಕೊಳ್ಳುವ ಕಾಯಕಬಂಧು ಫೋಟೊ ತೆಗೆದ, ಆದರೆ ಹೋಗಲಿಲ್ಲ ಅಂದರೆ ಕೂಲಿ ಯಾರದ್ದು ಹೋಯಿತು? ಬಿಸಿಲಲ್ಲಿ ಮಣ್ಣು ಹೊತ್ತ ಹೆಣ್ಣುಮಗಳದ್ದು. ಸರ್ಕಾರ ತನ್ನ ಕೆಲಸವನ್ನೆಲ್ಲ ನೆಟ್ ಮೇಲೆ ಹಾಕಿದ ದಿನವೇ ನೆಟ್ ಕೊಡುವ ಹೊಣೆಯನ್ನೂ ಹೊತ್ತುಕೊಂಡಿತು. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ಎರಡು ಮಾತಿಲ್ಲ.

ಹಾಗಾದರೆ ಬಂದ ಕೇಬಲ್ ಯಾಕೆ ಸಾಯುತ್ತದೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದವರು, ನಿಮಗೆ ಬೇಗ ಅರ್ಥವಾಗುತ್ತದೆ. ತಾಲ್ಲೂಕು ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಹೊರಟ ಕೇಬಲ್ ಒಂದು ಊರು ಮುಟ್ಟಿ, ಅಲ್ಲಿಂದ ಮುಂದಿನ ಊರು, ಅಲ್ಲಿಂದ ಇನ್ನೊಂದು, ಹೀಗೆ ಒಂದೇ ಸಾಲಿನಲ್ಲಿ ಹೋಗುತ್ತದೆ. ಮೇಲೆ ಎಲ್ಲಿ ಕಟ್ ಆದರೂ ಕೆಳಗಿನವರೆಲ್ಲ ಒಣಗುತ್ತಾರೆ. ಕಾಲುವೆಯ ಕೊನೆಯ ರೈತನ ಕಥೆಯೇ ಕೊನೆಯ ಪಂಚಾಯಿತಿಯದ್ದೂ. ಇದೇ ನಾನು ಹೇಳಿದ ಹಳೆಯ ವಿನ್ಯಾಸ. ಇದಕ್ಕೆ ಪರಿಹಾರ ಉಂಗುರದ ವಿನ್ಯಾಸ: ಕೇಬಲ್ ಊರುಗಳನ್ನು ಸುತ್ತಿ ಇನ್ನೊಂದು ದಾರಿಯಿಂದ ಎಕ್ಸ್‌ಚೇಂಜಿಗೆ ವಾಪಸ್ ಬರುತ್ತದೆ, ಒಂದು ಕಡೆ ಕಡಿದರೆ ಮತ್ತೊಂದು ಕಡೆಯಿಂದ ಹರಿಯುತ್ತದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಪರಿಷ್ಕೃತ ಭಾರತ್‌ನೆಟ್ ಯೋಜನೆಯಲ್ಲಿ ಉಂಗುರವೇ ನಿಯಮ. ಅದರ ಅಂದಾಜು 1,39,579 ಕೋಟಿ ರೂಪಾಯಿ. ಮೊದಲಿನ 20 ಸಾವಿರ ಕೋಟಿಯ ಪಕ್ಕ ಈ ಅಂಕಿ ಇಟ್ಟು ನೋಡಿ. ಕಟ್ಟಲು ಮೂರು ವರ್ಷ, ಕಟ್ಟಿದವರೇ ಹತ್ತು ವರ್ಷ ನಿರ್ವಹಣೆ ಮಾಡಬೇಕು ಎಂಬ ಷರತ್ತೂ ಇದೆ. ನನಗೆ ಈ ಯೋಜನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಆ ಹತ್ತು ವರ್ಷದ ಷರತ್ತು.

ಇನ್ನು ಕಡಿಯುವುದು. ನಿಯಮದ ಪ್ರಕಾರ ಕೇಬಲ್ 1.65 ಮೀಟರ್ ಆಳದಲ್ಲಿ ಇರಬೇಕು. ನಮ್ಮ ಎರೆಭೂಮಿಯಲ್ಲಿ ಅಷ್ಟು ಅಗೆಯುವುದು ಕಷ್ಟವಲ್ಲ, ಆದರೆ ಆ ಮಣ್ಣು ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪೈಪು ಎಳೆದಾಡುತ್ತದೆ, ಜಾಯಿಂಟ್ ಇಟ್ಟ ಗುಂಡಿಗೆ ನೀರು ತುಂಬುತ್ತದೆ. ಲಿಂಗಸುಗೂರು, ಗಂಗಾವತಿ ಕಡೆ ಹೋದರೆ ಬಂಡೆ. ಅಲ್ಲಿ ಆಳ ಸಿಗದಿದ್ದರೆ ಕಬ್ಬಿಣದ ಪೈಪು, ಕಾಂಕ್ರೀಟು ಹಾಕಿ ಮುಚ್ಚಬೇಕು. ಮುಚ್ಚಿದ ಕಡೆ ಉಳಿದಿದೆ, ಮೇಲೆ ಮೇಲೆ ಮಣ್ಣು ಎಳೆದ ಕಡೆ ಮೊದಲ ನೇಗಿಲಿಗೇ ಹೋಗಿದೆ. ಇಷ್ಟೆಲ್ಲ ಇದ್ದರೂ ಮಣ್ಣಿಗಿಂತ ದೊಡ್ಡ ಶತ್ರು ಜೆಸಿಬಿ. ರಸ್ತೆ ಅಗಲ ಮಾಡುವ ಗುತ್ತಿಗೆದಾರ, ಚರಂಡಿ ತೋಡುವವನು, 2019ರಿಂದ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಮನೆಮನೆಗೆ ನಲ್ಲಿ ಪೈಪು ಹಾಕುವವನು, ಎಲ್ಲರೂ ಒಂದೇ ರಸ್ತೆಯ ಒಂದೇ ಅಂಚಿನಲ್ಲಿ ಅಗೆಯುತ್ತಾರೆ. ಅಲ್ಲಿ ಕೇಬಲ್ ಇದೆಯೆಂದು ಜೆಸಿಬಿ ಓಡಿಸುವ ಹುಡುಗನಿಗೆ ಯಾರೂ ಹೇಳಿರುವುದಿಲ್ಲ.

ಇಲ್ಲೊಂದು ಮಾತು ಬಿಟ್ಟರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ಹಳೆಯ ಕಾಲದ ತಾಮ್ರದ ಕೇಬಲ್ಲನ್ನು ಕಳ್ಳರು ಕಿತ್ತೊಯ್ದು ಗುಜರಿಗೆ ಹಾಕುತ್ತಿದ್ದರು. ಫೈಬರ್ ಬಂದ ಮೇಲೂ ಕೆಲವರು ತಾಮ್ರ ಇರಬಹುದೆಂದು ಕೊಯ್ದು, ಒಳಗೆ ಕೂದಲಿನ ದಪ್ಪದ ಗಾಜಿನ ಎಳೆ ಕಂಡು, ಅಲ್ಲೇ ಎಸೆದು ಹೋಗುತ್ತಿದ್ದರು. ಅವರಿಗೆ ಮೂರು ಕಾಸಿನ ಲಾಭವಿಲ್ಲ. ಆ ಸಾಲಿನ ಊರುಗಳಿಗೆ ಮಾತ್ರ ವಾರಗಟ್ಟಲೆ ಕತ್ತಲು. ಇಂಥ ಕಡೆಗಳಲ್ಲೆಲ್ಲ ಡಂಗುರ ಹೊಡೆಸಿ ‘ಇದರಾಗ ತಾಮ್ರ ಇಲ್ಲ’ ಎಂದು ಸಾರಿದ ಊರಲ್ಲಿ ಕಾಟ ಕಡಿಮೆಯಾದದ್ದನ್ನು ನಾನು ಕಂಡಿದ್ದೇನೆ. ಕೇಬಲ್ ಹೋಗುವ ದಾರಿಯ ಜನರಿಗೆ ಅದು ಏನೆಂದು ತಿಳಿಸುವುದು ಕೂಡ ಕಾಮಗಾರಿಯ ಭಾಗ ಆಗಬೇಕು.

ಕಡಿದ ಮೇಲೆ ರಿಪೇರಿ ಹೇಗೆ ನಡೆಯುತ್ತದೆ ಗೊತ್ತೇ? ಎಕ್ಸ್‌ಚೇಂಜಿನಲ್ಲಿ ಕೂತು ಒಂದು ಯಂತ್ರದಿಂದ ಬೆಳಕು ಬಿಡುತ್ತಾರೆ. ಕಡಿದ ಜಾಗಕ್ಕೆ ಬಡಿದು ವಾಪಸ್ ಬಂದ ಬೆಳಕಿನ ಸಮಯ ಅಳೆದು, ಇಷ್ಟು ಕಿಲೋಮೀಟರ್ ದೂರದಲ್ಲಿ ಫಾಲ್ಟ್ ಇದೆ ಎಂದು ಆ ಯಂತ್ರ ಹೇಳುತ್ತದೆ. ಅದಕ್ಕೆ ಐದು ನಿಮಿಷ ಸಾಕು. ಆಮೇಲೆ ಆ ಜಾಗ ಹುಡುಕಬೇಕು. ಕೇಬಲ್ ರಸ್ತೆಯ ಎಡಕ್ಕಿದೆಯೋ ಬಲಕ್ಕಿದೆಯೋ, ಹಳ್ಳದ ಹತ್ತಿರ ಎಷ್ಟು ಸುತ್ತಿ ಹೋಗಿದೆಯೋ, ನಕ್ಷೆ ಸರಿಯಾಗಿದ್ದರೆ ಒಂದು ತಾಸಿನ ಕೆಲಸ. ಇಲ್ಲದಿದ್ದರೆ ಹಾಕಿದ ಮೇಸ್ತ್ರಿಗೆ ಫೋನ್ ಮಾಡಬೇಕು, ಅವನು ಬೇರೆ ಜಿಲ್ಲೆಯಲ್ಲಿ ಕೆಲಸದಲ್ಲಿರುತ್ತಾನೆ. ಜಾಗ ಸಿಕ್ಕಿತು ಎನ್ನಿ, ಎಳೆ ಜೋಡಿಸುವ ಸ್ಪ್ಲೈಸಿಂಗ್ ಯಂತ್ರ ಬೇಕು, ಅದನ್ನು ಓಡಿಸುವ ಕೈ ಬೇಕು. 24 ಎಳೆಯ ಕೇಬಲ್ಲನ್ನು ಒಬ್ಬ ನುರಿತ ಹುಡುಗ ಅರ್ಧ ದಿನದಲ್ಲಿ ಜೋಡಿಸುತ್ತಾನೆ. ಅಂಥವನು ತಾಲ್ಲೂಕಿನಲ್ಲಿ ಇಲ್ಲದೆ ಜಿಲ್ಲಾ ಕೇಂದ್ರದಿಂದ ಬರಬೇಕು, ಅವನಿಗೆ ಗಾಡಿ ಬೇಕು, ಗಾಡಿಗೆ ಡೀಸೆಲ್ ಬಿಲ್ ಮಂಜೂರಾಗಬೇಕು. ಅರ್ಧ ದಿನದ ಕೆಲಸ ಹದಿನೈದು ದಿನ ಹಿಡಿಯುವುದು ಹೀಗೆ.

ಕೇಬಲ್ ಗಟ್ಟಿಯಾಗಿದ್ದರೂ ನೆಟ್ ಇಲ್ಲದಿರುವ ಊರುಗಳಿವೆ. ಅಲ್ಲಿ ತೊಂದರೆ ಪಂಚಾಯಿತಿ ಕೋಣೆಯಲ್ಲಿದೆ. ಕೇಬಲ್ಲಿನ ತುದಿಯ ಪೆಟ್ಟಿಗೆ ಕಚೇರಿಯ ಗೋಡೆಗೆ ಇದೆ. ಅದರ ಬ್ಯಾಟರಿ ಎರಡು ಮೂರು ವರ್ಷ ಬಾಳಿತು, ಆಮೇಲೆ ಬದಲಾಯಿಸಿದವರಿಲ್ಲ. ಕರೆಂಟ್ ಹೋದರೆ ನೆಟ್ಟೂ ಹೋಯಿತು. ಸಂಜೆ ಐದೂವರೆಗೆ ಕಚೇರಿಗೆ ಬೀಗ ಹಾಕುವಾಗ ಕೆಲವರು ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಾರೆ, ಬೆಂಕಿ ಹೊತ್ತೀತೆಂಬ ಭಯ, ಅದು ತಪ್ಪಲ್ಲ. ಆದರೆ ಆ ಪೆಟ್ಟಿಗೆಯಿಂದ ಮುಂದೆ ಶಾಲೆಗೆ, ಗ್ರಂಥಾಲಯಕ್ಕೆ, ನಾಲ್ಕು ಮನೆಗೆ ಲೈನ್ ಕೊಟ್ಟಿದ್ದರೆ ಅವರೆಲ್ಲರಿಗೂ ಅಲ್ಲಿಗೆ ಮುಗಿಯಿತು. ಭಾನುವಾರ ಇಲ್ಲ, ಹಬ್ಬಕ್ಕೆ ಇಲ್ಲ. ಪೆಟ್ಟಿಗೆಯನ್ನು ಹೊರಗೋಡೆಗೆ ಬೀಗದ ಕಪಾಟಿನಲ್ಲಿಟ್ಟು, ಬೇರೆ ಮೀಟರ್, ಬೇರೆ ಬ್ಯಾಟರಿ ಕೊಟ್ಟರೆ ಇದು ತೀರುತ್ತದೆ. ದೊಡ್ಡ ತಂತ್ರಜ್ಞಾನ ಬೇಕಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 40ರಷ್ಟು ಷರತ್ತಿಲ್ಲದ ಹಣ ಇತ್ತು, ಅದರಲ್ಲೇ ಮಾಡಬಹುದಾದ ಕೆಲಸ ಇದು. ಮಾಡಿ ಎಂದು ಇಲಾಖೆಯಿಂದ ಒಂದು ಸ್ಪಷ್ಟ ಸುತ್ತೋಲೆ ಬರಬೇಕು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಆಡಿಟ್‌ನ ಭಯ ಇರಬಾರದು.

ಪಕ್ಕದ ರಾಜ್ಯಗಳು ಏನು ಮಾಡಿದವು? ದೂರ ಹೋಗುವುದು ಬೇಡ, ತುಂಗಭದ್ರೆ ದಾಟಿದರೆ ಆಂಧ್ರ. ಅಲ್ಲಿ ರಾಜ್ಯವೇ ಫೈಬರ್‌ನೆಟ್ ಸಂಸ್ಥೆ ಕಟ್ಟಿತು. ನೆಲ ಅಗೆಯದೆ ಕರೆಂಟ್ ಕಂಬಗಳ ಮೇಲೆ 20 ಸಾವಿರ ಕಿಲೋಮೀಟರ್‌ಗೂ ಹೆಚ್ಚು ಕೇಬಲ್ ಎಳೆಯಿತು, 149 ರೂಪಾಯಿಗೆ ನೆಟ್, ಫೋನ್, ಟಿವಿ ಮೂರೂ ಕೊಡುತ್ತೇವೆಂದಿತು. ಬೇಗ ಹಬ್ಬಿತು. ಆದರೆ ಆ ದರಕ್ಕೆ ಖರ್ಚು ಹುಟ್ಟಬೇಕಲ್ಲ? ಮುಂದೆ ಆ ಸಂಸ್ಥೆ ಬಾಕಿ, ನಷ್ಟ, ತನಿಖೆಗಳಲ್ಲಿ ಸಿಕ್ಕಿಕೊಂಡಿತು. ತೆಲಂಗಾಣ ಮಿಷನ್ ಭಗೀರಥದ ನೀರಿನ ಪೈಪಿಗೆ ತೋಡಿದ ಕಂದಕದಲ್ಲೇ ಫೈಬರ್‌ಗೂ ಒಂದು ಖಾಲಿ ಪೈಪು ಹಾಕುವ ಯೋಚನೆ ಮಾಡಿತು. ಇದು ನನಗೆ ಬಹಳ ಹಿಡಿಸಿದ ವಿಚಾರ. ಕೇರಳ ತನ್ನ ಕೆ-ಫೋನ್ ಜಾಲವನ್ನು 2023ರ ಜೂನ್ 5ರಂದು ಉದ್ಘಾಟಿಸಿತು. ವಿದ್ಯುತ್ ಮಂಡಳಿಯನ್ನೇ ಜೊತೆಗೆ ಸೇರಿಸಿಕೊಂಡು ಕಟ್ಟಿದ ಜಾಲ ಅದು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಅದರ ಗುರಿ. ಮೊದಲ ಹಂತದಲ್ಲಿ ಕೊಡಲು ಹೊರಟದ್ದು ವಿಧಾನಸಭಾ ಕ್ಷೇತ್ರಕ್ಕೆ ನೂರರಂತೆ 14 ಸಾವಿರ ಕುಟುಂಬಗಳಿಗೆ. ಗುರಿಗೂ ನಡೆಗೂ ಅಂತರ ಅಲ್ಲೂ ಇದೆ. ಆದರೆ ನೆಟ್ ನಮ್ಮ ಹೊಣೆ ಎಂದು ರಾಜ್ಯವೊಂದು ಬಾಯಿಬಿಟ್ಟು ಹೇಳಿತಲ್ಲ, ಅದು ಸಣ್ಣ ಮಾತಲ್ಲ.

ಕರ್ನಾಟಕ ಸ್ವಂತ ಫೈಬರ್ ಕಂಪನಿ ಕಟ್ಟಬೇಕೇ? ನನಗೆ ಬೇಡ ಅನ್ನಿಸುತ್ತದೆ. ನೆಲದಲ್ಲಿ ಈಗಾಗಲೇ ಕೇಬಲ್ ಇದೆ, ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನ ದೊಡ್ಡ ವಿದ್ಯುತ್ ಮಾರ್ಗಗಳ ಎಲ್ಲಕ್ಕಿಂತ ಮೇಲಿನ ತಂತಿಯಲ್ಲೂ ಫೈಬರ್ ಹೋಗಿದೆ, ತಾಲ್ಲೂಕು ಕಚೇರಿಗಳ ತನಕ ಸರ್ಕಾರಿ ಕಚೇರಿಗಳನ್ನು ಜೋಡಿಸುವ ಕೆಸ್ವಾನ್ ಜಾಲ ಇದೆ. ಇವು ಒಂದಕ್ಕೊಂದು ಪರಿಚಯವಿಲ್ಲದಂತೆ ಇವೆ. ಇವುಗಳನ್ನು ಜೋಡಿಸಿದರೆ ಎಷ್ಟೋ ಉಂಗುರಗಳು ಅಲ್ಲೇ ಮುಗಿಯುತ್ತವೆ. ರಾಜ್ಯ ಮಾಡಬೇಕಾದದ್ದು ಇನ್ನೊಂದು ಇದೆ, ಅದಕ್ಕೆ ಹಣವೂ ಬೇಕಿಲ್ಲ. ಸರ್ಕಾರದ ದುಡ್ಡಿನಲ್ಲಿ ಯಾವ ಇಲಾಖೆ ರಸ್ತೆಯಂಚಿನಲ್ಲಿ ಕಂದಕ ತೋಡಿದರೂ ಅದರಲ್ಲಿ ಒಂದು ಖಾಲಿ ಪೈಪು ಬಿಟ್ಟೇ ಮುಚ್ಚಬೇಕು ಎಂಬ ನಿಯಮ. ಜಲಜೀವನ್‌ಗೆ ಅಗೆದಾಗ ನಾನು ನೋಡಿದ ಊರುಗಳಲ್ಲಿ ಇದನ್ನು ಮಾಡಲಿಲ್ಲ. ಮುಂದಿನ ರಸ್ತೆಗಾದರೂ ಮಾಡೋಣ.

ಅಗೆಯುವ ಮೊದಲು ತಿಳಿಸುವುದಕ್ಕೆ ಕೇಂದ್ರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಇಂಥ ಜಾಗದಲ್ಲಿ ಅಗೆಯುತ್ತೇನೆ ಎಂದು ಅದರಲ್ಲಿ ಹಾಕಿದರೆ ಅಲ್ಲಿ ಕೇಬಲ್ ಇರುವ ಸಂಸ್ಥೆಗೆ ಸುದ್ದಿ ಹೋಗುತ್ತದೆ. ಬಳಸುವವರು ಎಷ್ಟು ಜನ? ಬಳಸುವಂತೆ ಮಾಡುವುದು ಸುಲಭ. ಆ ಆ್ಯಪ್‌ನ ರಸೀದಿ ಲಗತ್ತಿಸದಿದ್ದರೆ ಗುತ್ತಿಗೆದಾರನ ಬಿಲ್ ಪಾಸಾಗುವುದಿಲ್ಲ ಎಂದು ಲೋಕೋಪಯೋಗಿ ಮತ್ತು ಪಂಚಾಯತ್ ರಾಜ್ ಇಲಾಖೆಗಳು ಒಂದು ಸಾಲು ಬರೆದರೆ ಸಾಕು. ಬಿಲ್ ನಿಲ್ಲುತ್ತದೆ ಅಂದರೆ ಎಲ್ಲರಿಗೂ ಆ್ಯಪ್ ಗೊತ್ತಾಗುತ್ತದೆ.

ಕೇಬಲ್ ಹಾಕಲು ನೆಲದ ಒಡೆಯ ಇಲಾಖೆ ಕೊಡಬೇಕಾದ ಅನುಮತಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 2016ರ ಮಾರ್ಗ ಹಕ್ಕಿನ ನಿಯಮಗಳಲ್ಲಿ 60 ದಿನದೊಳಗೆ ಉತ್ತರ ಕೊಡಬೇಕು, ಆಡಳಿತ ಶುಲ್ಕ ಕಿಲೋಮೀಟರ್‌ಗೆ ಸಾವಿರ ರೂಪಾಯಿ ಮೀರಬಾರದು ಎಂದಿತ್ತು. 2025ರ ಜನವರಿ 1ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ಕಾಗದದಲ್ಲಿ ದಾರಿ ತೆರೆದಿದೆ. ಒಂದು ರಸ್ತೆ ಮೂರು ಇಲಾಖೆಗೆ ಸೇರಿದ್ದರೆ ಮೂರು ಮೇಜು ಸುತ್ತಿಸುವುದನ್ನು ಜಿಲ್ಲಾಧಿಕಾರಿ ಒಬ್ಬರೇ ನಿಲ್ಲಿಸಬಲ್ಲರು.

ಈಗ ನಾನು ಬಹಳ ದಿನದಿಂದ ಹೇಳುತ್ತಾ ಬಂದಿರುವ ಬೇಡಿಕೆಗೆ ಬರುತ್ತೇನೆ. ಎಡದಂಡೆ ಕಾಲುವೆಯ 69ನೇ ಮೈಲಿಯಲ್ಲಿ, 104ನೇ ಮೈಲಿಯಲ್ಲಿ ಗೇಜ್ ಇದೆ. ನೀರು ಎಷ್ಟು ಅಡಿ ಬರುತ್ತಿದೆ ಎಂದು ಯಾವ ರೈತನಾದರೂ ಹೋಗಿ ನೋಡಬಹುದು. ‘ನೀರು ಬಿಟ್ಟಿದ್ದೇವೆ’ ಎಂದು ಅಧಿಕಾರಿ ಹೇಳಿದರೆ ‘ಗೇಜ್ ನೋಡ್ರಿ ಸಾಹೇಬ್ರ’ ಎನ್ನಲು ನಿಮ್ಮ ಕೈಯಲ್ಲಿ ಒಂದು ಅಳತೆ ಇದೆ. ನಿಮ್ಮ ಹೋರಾಟಗಳೆಲ್ಲ ಆ ಅಳತೆಯ ಮೇಲೆ ನಿಂತಿವೆ. ನೆಟ್ಟಿಗೆ ಅಂಥ ಅಳತೆ ಊರಿನವರ ಕೈಯಲ್ಲಿ ಇಲ್ಲ. ಯಾವ ಪಂಚಾಯಿತಿಯ ಪೆಟ್ಟಿಗೆ ಯಾವಾಗ ಸತ್ತಿತು, ಯಾವಾಗ ಎದ್ದಿತು ಎಂದು ಎಕ್ಸ್‌ಚೇಂಜಿನ ಕಂಪ್ಯೂಟರ್‌ನಲ್ಲಿ ನಿಮಿಷ ನಿಮಿಷದ ಲೆಕ್ಕ ಇರುತ್ತದೆ. ಆ ಲೆಕ್ಕ ಪಂಚಾಯಿತಿಯ ಬೋರ್ಡಿನ ಮೇಲೆ ಬರಬೇಕು: ಈ ತಿಂಗಳು ಎಷ್ಟು ತಾಸು ನೆಟ್ ಇತ್ತು, ಎಷ್ಟು ಸಲ ಹೋಯಿತು, ಪ್ರತಿ ಸಲ ಎಷ್ಟು ತಾಸಿಗೆ ರಿಪೇರಿ ಆಯಿತು. ರಾಜ್ಯ ತನ್ನ ಶಾಲೆ, ಹಾಸ್ಟೆಲ್, ಪ್ರಾಥಮಿಕ ಆರೋಗ್ಯ ಕೇಂದ್ರ, ಅರಿವು ಕೇಂದ್ರ ಎನ್ನುವ ಪಂಚಾಯಿತಿ ಗ್ರಂಥಾಲಯಗಳ ಬಿಲ್ಲನ್ನು ಆ ತಾಸಿನ ಲೆಕ್ಕದ ಮೇಲೇ ಕಟ್ಟಬೇಕು. ಇದ್ದ ತಾಸಿಗೆ ದುಡ್ಡು, ಇಲ್ಲದ ತಾಸಿಗೆ ಇಲ್ಲ. ಆಗ ಕಡಿದ ಕೇಬಲ್ಲನ್ನು ಜೋಡಿಸಲು ಯಾರೂ ಯಾರಿಗೂ ಪತ್ರ ಬರೆಯಬೇಕಿಲ್ಲ, ಆದಾಯ ನಿಂತವನೇ ಓಡಿ ಬರುತ್ತಾನೆ. ಆ ಹತ್ತು ವರ್ಷದ ನಿರ್ವಹಣೆಯ ಷರತ್ತಿಗೆ ಹಲ್ಲು ಬರುವುದು ಹೀಗೆ. ‘ಇಷ್ಟು ಸಾವಿರ ಪಂಚಾಯಿತಿಗೆ ಸಂಪರ್ಕ ಕೊಟ್ಟೆವು’ ಎಂಬ ಅಂಕಿ ಕೇಳಿ ಕೇಳಿ ನನಗೆ ಸಾಕಾಗಿದೆ. ಎಷ್ಟು ತಾಸು ಕೊಟ್ಟಿರಿ ಎಂಬ ಅಂಕಿ ಬೇಕು.

ಹಣದ ಮಾತು. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು, ಅದರಲ್ಲಿ 21 ನಮ್ಮ ಭಾಗದವು. ಅದಾದ ಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂತು, ಕಲ್ಯಾಣ ಕರ್ನಾಟಕ ಪ್ರಾದೇಶಿಕ ಅಭಿವೃದ್ಧಿ ಮಂಡಳಿ ಬಂತು, ಈಚಿನ ಬಜೆಟ್‌ಗಳಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಹೇಳುತ್ತಿದ್ದಾರೆ. ಬಳ್ಳಾರಿ, ಸಂಡೂರು ಕಡೆ ಗಣಿಯ ಹಣ ಬೇರೆ ಇದೆ. ಕಟ್ಟಡಕ್ಕೆ, ರಸ್ತೆಗೆ ಹಣ ಕೇಳುವವರು ಸಾಲುಗಟ್ಟಿ ನಿಲ್ಲುತ್ತಾರೆ, ಶಂಕುಸ್ಥಾಪನೆಯ ಕಲ್ಲು ಇಡಬಹುದು. ರಿಪೇರಿಗೆ ಕಲ್ಲು ಇಡಲಾಗುವುದಿಲ್ಲ, ಅದಕ್ಕೆ ಕೇಳುವವರಿಲ್ಲ. ತಾಲ್ಲೂಕಿಗೆ ಒಂದು ತಂಡ ಸಾಕು: ಒಂದು ಗಾಡಿ, ಒಂದು ಸ್ಪ್ಲೈಸಿಂಗ್ ಯಂತ್ರ, ಫಾಲ್ಟ್ ಹುಡುಕುವ ಯಂತ್ರ, ನಾಲ್ಕು ಹುಡುಗ ಹುಡುಗಿಯರು. ನಮ್ಮ ಐಟಿಐಗಳಿಂದ ಪ್ರತಿ ವರ್ಷ ಎಲೆಕ್ಟ್ರಿಷಿಯನ್, ಫಿಟ್ಟರ್ ಪಾಸಾಗಿ ಬರುವವರು ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಿದ್ದಾರೆ. ಎಳೆ ಜೋಡಿಸುವ ಕೆಲಸವನ್ನು ಕೆಲವೇ ವಾರದಲ್ಲಿ ಕಲಿಸಬಹುದು, ನಾನೇ ಕಲಿಸಿದ್ದೇನೆ. ಹೆಣ್ಣುಮಕ್ಕಳ ಬೆರಳು ಇನ್ನೂ ಚುರುಕು, ಕಿನ್ನಾಳದ ಗೊಂಬೆಗೆ ಬಣ್ಣ ಹಚ್ಚುವ ಕೈಗಳ ನಾಡಿದು, ಇಲ್ಲಿ ನಯವಾದ ಕೆಲಸಕ್ಕೆ ಜನ ಸಿಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಪಂಚಾಯಿತಿ ತನಕ ಎಂಬ ಮಾತಿನಲ್ಲಿ ಇನ್ನೊಂದು ಮೋಸ ಇದೆ. ನಮ್ಮ ಪಂಚಾಯಿತಿ ಅಂದರೆ ಒಂದು ಊರಲ್ಲ. ಸಿಂಧನೂರಿನಲ್ಲಿ ಕ್ಯಾಂಪ್‌ಗಳು, ಲಿಂಗಸುಗೂರಿನಲ್ಲಿ ತಾಂಡಾಗಳು, ದೇವದುರ್ಗದಲ್ಲಿ ದೊಡ್ಡಿಗಳು, ಕುಷ್ಟಗಿ ಯಲಬುರ್ಗಾ ಕಡೆ ಮಜರೆ ಹಳ್ಳಿಗಳು. ಕೇಬಲ್ ನಿಲ್ಲುವುದು ಪಂಚಾಯಿತಿ ಕಟ್ಟಡ ಇರುವ ಊರಿನಲ್ಲಿ. ತಾಂಡಾದ ಅಪ್ಪ ಅವ್ವ ಗುಳೆ ಹೋಗಿರುತ್ತಾರೆ, ಅಜ್ಜಿಯ ಜೊತೆ ಉಳಿದ ಮಗು ಅವರ ಮುಖ ನೋಡುವುದು ಫೋನಿನಲ್ಲಿ. ಅದಕ್ಕಾಗಿ ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಮಕ್ಕಳನ್ನು ನೀವೂ ಕಂಡಿದ್ದೀರಿ. ಹೊಸ ಯೋಜನೆಯಲ್ಲಿ ಪಂಚಾಯಿತಿ ಬಿಟ್ಟು ಉಳಿದ ಹಳ್ಳಿಗಳಿಗೆ ಬೇಡಿಕೆ ಬಂದರೆ ಕೇಬಲ್ ಕೊಡುತ್ತೇವೆ ಎಂದಿದ್ದಾರೆ. ಬೇಡಿಕೆ ಬಂದರೆ ಎಂಬ ಮಾತು ಗಮನಿಸಿ. ತಾಂಡಾದವರು ತಾವಾಗಿ ಯಾವ ಕಚೇರಿಗೆ ಹೋಗಿ ಬೇಡಿಕೆ ಇಡಬೇಕು? ಆ ಬೇಡಿಕೆ ಗ್ರಾಮಸಭೆಯ ಠರಾವಿನಿಂದ ಹೋಗಬೇಕು, ಠರಾವು ಬರೆಯುವವರು ಈ ಕೋಣೆಯಲ್ಲೇ ಕೂತಿದ್ದೀರಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಹೆಂಗಸರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಶೇ 24.6, ಗಂಡಸರು ಶೇ 48.7. ಊರಲ್ಲಿ ವೈಫೈ ಕಂಬ ಎಲ್ಲಿ ನಿಲ್ಲಿಸುತ್ತಾರೆ? ಬಸ್ ಸ್ಟ್ಯಾಂಡ್ ಹತ್ತಿರ, ಹೋಟೆಲ್ ಮುಂದೆ, ಕಟ್ಟೆಯ ಹತ್ತಿರ. ಅಲ್ಲಿ ಹೋಗಿ ನಿಂತು ಫೋನ್ ನೋಡುವ ಹುಡುಗಿ ನಮ್ಮ ಊರುಗಳಲ್ಲಿ ಇದ್ದಾಳೆಯೇ? ಅದನ್ನು ಅರಿವು ಕೇಂದ್ರದಲ್ಲಿ, ಅಂಗನವಾಡಿಯ ಅಂಗಳದಲ್ಲಿ, ಸ್ವಸಹಾಯ ಸಂಘದವರು ಸೇರುವ ಜಾಗದಲ್ಲಿ ಹಾಕಿ. ಖರ್ಚು ಒಂದು ಪೈಸೆಯೂ ಹೆಚ್ಚಾಗುವುದಿಲ್ಲ. ಗ್ರಂಥಾಲಯ ಮೇಲ್ವಿಚಾರಕರಿಗೆ ನನ್ನ ಕೈಮುಗಿದ ವಿನಂತಿ: ಸಂಜೆ ಹೊತ್ತು ಒಂದು ತಾಸು ಹೆಣ್ಣುಮಕ್ಕಳಿಗೇ ಎಂದು ಇಡಿ. ಇಟ್ಟ ಕಡೆ ಕುರ್ಚಿ ಸಾಲದಾಗಿದೆ.

ಕೊನೆಗೆ ಇನ್ನೊಂದು ಚೀಟಿ: ‘ಉಪಗ್ರಹದಿಂದ ನೇರ ನೆಟ್ ಬರುತ್ತದಂತೆ, ಇಷ್ಟೆಲ್ಲ ಅಗೆಯುವುದು ದಂಡವಲ್ಲವೇ?’ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಕೇಂದ್ರ ಲೈಸೆನ್ಸ್ ಕೊಟ್ಟಿದೆ, ನಿಜ. ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕಲಾ, ಕುರ್ವಕುರ್ದಾದಂಥ ಊರುಗಳಿಗೆ, ಪ್ರವಾಹ ಬಂದರೆ ತೆಪ್ಪವೂ ಹೋಗದ ಜಾಗಗಳಿಗೆ ಉಪಗ್ರಹವೋ ಗಾಳಿಯ ಲಿಂಕೋ ಬೇಕೇ ಬೇಕು, ಅಲ್ಲಿ ಕೇಬಲ್ಲಿಗಾಗಿ ಕಾಯಿಸುವುದು ಅನ್ಯಾಯ. ಆದರೆ ರಸ್ತೆ ಇರುವ ಊರಿಗೆ, ಕರೆಂಟ್ ಕಂಬ ಇರುವ ಊರಿಗೆ, ನೂರಾರು ಮನೆ ಒಟ್ಟಿಗೆ ಬಳಸಬೇಕಾದ ಕಡೆಗೆ ಕೇಬಲ್ ಕೊಡುವಷ್ಟು ವೇಗವನ್ನು ಆ ಬೆಲೆಗೆ ಆಕಾಶ ಕೊಡುವುದಿಲ್ಲ. ಯಾವ ಊರು ಯಾವುದಕ್ಕೆ ಎಂದು ನಿರ್ಧರಿಸಲು ಜಿಲ್ಲೆಗೊಂದು ಪಟ್ಟಿ ಬೇಕು. ತಾಂಡಾ, ದೊಡ್ಡಿ, ಕ್ಯಾಂಪ್ ಸಹಿತ ಪ್ರತಿ ಜನವಸತಿಯ ಹೆಸರು, ಹತ್ತಿರದ ಕೇಬಲ್ ಎಷ್ಟು ದೂರ, ಮನೆ ಎಷ್ಟು, ಶಾಲೆ ಇದೆಯೋ ಇಲ್ಲವೋ. ಈ ಮಾಹಿತಿ ನಿಮ್ಮ ಪಂಚಾಯಿತಿಯವರಿಗೆ ಬಾಯಲ್ಲೇ ಇದೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಬರೆದು, ಠರಾವು ಮಾಡಿ, ಒಂದು ಪ್ರತಿ ಜಿಲ್ಲಾ ಪಂಚಾಯಿತಿಗೆ, ಒಂದು ಪ್ರತಿ ಪ್ರಾದೇಶಿಕ ಮಂಡಳಿಗೆ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಬರೆಯುವಾಗ ಸಹಾಯ ಬೇಕೆಂದರೆ ಕರೆಯಿರಿ, ಬರುತ್ತೇನೆ.